‘ಬೇಡ’ ಎನ್ನಲೊಂದು ದಾರಿ

ತೀವ್ರ ಸ್ವರೂಪದ ಅಂಗವೈಕಲ್ಯವುಳ್ಳ ಮಗುವೊಂದು ವಸತಿ ನಿಲಯದ ಊಟದ ಹೊತ್ತಿನಲ್ಲಿ ತುಟಿ ಬಿಗಿದು ಮುಖ ತಿರುಗಿಸಿದರೆ ಅದಕ್ಕೆ ಹತ್ತು ಅರ್ಥಗಳಿರಬಹುದು. ಹೊಟ್ಟೆ ತುಂಬಿರಬಹುದು; ಹಲ್ಲು ನೋಯುತ್ತಿರಬಹುದು; ಅನ್ನ ಸುಡುತ್ತಿರಬಹುದು; ಹಿಂದಿನ ತುತ್ತು ಇನ್ನೂ ಗಂಟಲಲ್ಲೇ ಇರಬಹುದು; ಉಣಿಸುವ ಕೈ ದಿನದ ಕೈಯಲ್ಲದೆ ಬೇರೆಯದಾಗಿರಬಹುದು. ಮಾತು ಬಲ್ಲ ಮಗುವಾದರೆ ಒಂದು ‘ಬೇಡ’, ಒಂದು ‘ಸಾಕು’, ಒಂದು ‘ತಾಳು’ ಈ ಗೊಂದಲವನ್ನು ಕ್ಷಣದಲ್ಲಿ ಬಗೆಹರಿಸುತ್ತದೆ. ಮಾತು ಬಾರದ ಮಗುವಿನ ಬಿಗಿದ ತುಟಿಗೆ ಬಹುಮಟ್ಟಿಗೆ ಸಿಗುವ ಹೆಸರು ‘ಹಟ’. ಹಟಕ್ಕೆ ಮದ್ದೆಂದರೆ ಗದರಿಕೆ ಅಥವಾ ಮೂಗು ಹಿಡಿದು ತುರುಕುವಿಕೆ. ಇದನ್ನು ಮಾಡುವವರು ಕ್ರೂರಿಗಳಲ್ಲ. ಇಪ್ಪತ್ತು ಮಕ್ಕಳಿಗೆ ಒಂದು ಗಂಟೆಯಲ್ಲಿ ಉಣಿಸಿ, ಬಟ್ಟೆ ಬದಲಿಸಿ, ಮಲಗಿಸಬೇಕಾದ ಆಯಾಗಳು.

ಇಂತಹ ನಿಲಯಗಳನ್ನು ತಪಾಸಣೆ ಮಾಡುವವರು ಮಂಚಗಳನ್ನು ಎಣಿಸುತ್ತಾರೆ, ದಾಸ್ತಾನು ಪುಸ್ತಕ ನೋಡುತ್ತಾರೆ, ಶೌಚಾಲಯದ ನೀರನ್ನು ಪರೀಕ್ಷಿಸುತ್ತಾರೆ, ಮಕ್ಕಳ ತೂಕದ ಪಟ್ಟಿ ಕೇಳುತ್ತಾರೆ. ಇವೆಲ್ಲವೂ ಬೇಕು. ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಇಲ್ಲಿರುವ ಪ್ರತಿಯೊಂದು ಮಗುವೂ ‘ಬೇಡ’ ಎನ್ನುವುದು ಹೇಗೆ, ಮತ್ತು ಅದು ಹಾಗೆಂದಾಗ ಅದನ್ನು ತಿಳಿಯುವವರು ಎಷ್ಟು ಮಂದಿ? ಅನ್ನ, ಔಷಧಿಗಳಾದ ಬಳಿಕ ಪುರಸೊತ್ತಿದ್ದರೆ ಕೇಳತಕ್ಕ ಪ್ರಶ್ನೆಯಲ್ಲ ಇದು. ಅನ್ನವೂ ಔಷಧಿಯೂ ಸರಿಯಾಗಿ ಸಲ್ಲುವುದು ಈ ಪ್ರಶ್ನೆಗೆ ಉತ್ತರವಿದ್ದಾಗಲೇ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರಿತಾದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಎರಡು ಸಂಗತಿಗಳನ್ನು ಮುಂದಿಟ್ಟಿತು. ಅಂತಹ ನಾಲ್ವರಲ್ಲಿ ಮೂವರಿಗೆ ನೋವು ಇರುತ್ತದೆ. ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಸೊಂಟದ ಕೀಲು ಜಾರಿದ, ಬೆನ್ನು ಬಾಗಿದ, ಮಲಬದ್ಧತೆಯಿಂದ ನರಳುವ, ಹಲ್ಲು ಹುಳಿತ ಮಗುವಿಗೆ ಎಲ್ಲಿ ನೋಯುತ್ತಿದೆ ಎಂದು ಹೇಳುವ ಉಪಾಯವೇ ಇಲ್ಲದಿದ್ದಾಗ ಅದು ಅಳುತ್ತದೆ, ಕೈ ಕಚ್ಚಿಕೊಳ್ಳುತ್ತದೆ, ತಲೆ ಗೋಡೆಗೆ ಬಡಿಯುತ್ತದೆ. ಅದನ್ನು ಸ್ವಭಾವವೆಂದು ತಿಳಿದು ಮಂಪರಿನ ಔಷಧಿ ಕೊಟ್ಟರೆ ನೋವು ಉಳಿಯುತ್ತದೆ, ಅದನ್ನು ತಿಳಿಸುತ್ತಿದ್ದ ಒಂದೇ ಒಂದು ಕುರುಹು ಅಳಿಯುತ್ತದೆ.

‘ಅದಕ್ಕೇನೂ ತಿಳಿಯುವುದಿಲ್ಲ’ ಎಂಬ ಮಾತನ್ನು ಮಗುವಿನ ಮುಂದೆಯೇ ಆಡುವ ರೂಢಿ ಮನೆಗಳಲ್ಲಿಯೂ ಇದೆ, ನಿಲಯಗಳಲ್ಲಿಯೂ ಇದೆ. ನುಡಿಯುವ ಶಕ್ತಿಯನ್ನೂ ತಿಳಿಯುವ ಶಕ್ತಿಯನ್ನೂ ಒಂದೆಂದು ಭಾವಿಸುವ ಈ ತಪ್ಪನ್ನು ಕನ್ನಡದ ಹಳೆಯ ವೈಯಾಕರಣನು ಮಾಡಲಿಲ್ಲ. ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ಶಬ್ದದ ಹುಟ್ಟನ್ನು ವಿವರಿಸುವಾಗ ಜೀವದ ಇಷ್ಟವನ್ನು ಮೊದಲಿಗಿಡುತ್ತಾನೆ, ಒಡಲನ್ನು ವಾದ್ಯವೆಂದೂ ನಾಲಗೆಯನ್ನು ಅದನ್ನು ನುಡಿಸುವ ಕೋಲೆಂದೂ ನುಡಿಸುವಾತನು ಆತ್ಮನೆಂದೂ ಹೇಳುತ್ತಾನೆ. ಹದಿಮೂರನೆಯ ಶತಮಾನದ ಆ ವಿವರಣೆಯಲ್ಲಿ ಇಂದಿನ ಶರೀರಶಾಸ್ತ್ರವನ್ನು ಹುಡುಕುವುದು ಅಪಹಾಸ್ಯವಾದೀತು. ಆದರೂ ಕೋಲು ಮುರಿದ ಮಾತ್ರಕ್ಕೆ ನುಡಿಸುವವನು ಇಲ್ಲವಾಗುವುದಿಲ್ಲ ಎಂಬುದು ಆ ವಿಭಾಗಕ್ರಮದಿಂದಲೇ ಹೊರಡುವ ತೀರ್ಮಾನ. ತುಟಿ, ನಾಲಗೆ, ಗಂಟಲುಗಳ ಸ್ನಾಯುಗಳು ಮಿದುಳಿನ ಆಜ್ಞೆಗೆ ಒಳಪಡದಿರುವುದು ಒಂದು ತೊಡಕು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುವುದು ಇನ್ನೊಂದು. ಎರಡೂ ಒಂದೇ ಮಗುವಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಬುದ್ಧಿಯ ತೊಡಕು ತೀವ್ರವಾಗಿರುವ ಮಗುವಿಗೂ ಹಿತಾಹಿತಗಳು ತಿಳಿಯುತ್ತವೆ. ಅದನ್ನು ತಿಳಿಸುವ ಹಂಬಲವೂ ಇರುತ್ತದೆ.

ಈ ಪ್ರಶ್ನೆಗೆ ಗಡಿಯಲ್ಲಿ ಇನ್ನೊಂದು ಮಗ್ಗುಲಿದೆ. ಹೇಮಾವತಿಯನ್ನೇ ತೆಗೆದುಕೊಳ್ಳಬಹುದು. ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಈ ಊರಿನ ಕನ್ನಡ ಶಾಸನಗಳಿಗೆ ಸಾವಿರ ವರ್ಷಗಳ ವಯಸ್ಸು. ಊರು ಇಂದು ಆಂಧ್ರಪ್ರದೇಶದ ಅಮರಾಪುರಂ ಮಂಡಲದಲ್ಲಿದೆ. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಸೀಮೆ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳ ಜೊತೆಗೆ ಅತ್ತ ಹೋಯಿತು. ರೇಖೆ ಎಳೆದವರು ಊರುಗಳನ್ನು ಹಂಚಿದರು. ಅಡುಗೆಮನೆಯ ಮಾತು ಹಂಚಿಹೋಗಲಿಲ್ಲ. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ತೊಟ್ಟಿಲ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯಲ್ಲಿ ಎರಡೂ. ನಡೆದಾಡುವ, ಮಾತನಾಡುವ ಮಗುವಿಗೆ ಇದು ತೊಂದರೆಯಲ್ಲ, ವರ. ಬೀದಿಯಲ್ಲಿ ಆಡುತ್ತಾ ಆಡುತ್ತಾ ಎರಡನೆಯ ನುಡಿ ಅದರ ನಾಲಗೆಗೆ ಬರುತ್ತದೆ.

ಹಾಸಿಗೆಯಿಂದ ಏಳಲಾಗದ ಮಗುವಿಗೆ ಬೀದಿಯಿಲ್ಲ. ಅದು ಕೇಳಿದ ಮಾತೆಲ್ಲ ಅವ್ವನ ಮಾತು, ಅಜ್ಜಿಯ ಮಾತು, ಅಷ್ಟೆ. ಅಂತಹ ಮಗು ಆರೋ ಎಂಟೋ ವರ್ಷಕ್ಕೆ, ತಾಯಿ ಕೂಲಿಗೆ ಹೋಗಲೇಬೇಕಾದ್ದರಿಂದಲೋ ತಾಯಿಯೇ ಇಲ್ಲವಾದ್ದರಿಂದಲೋ, ಜಿಲ್ಲಾ ಕೇಂದ್ರದ ಕಡೆಯ ವಸತಿ ನಿಲಯವೊಂದನ್ನು ಸೇರಿದರೆ ಸುತ್ತಲೂ ಕೇಳುವುದು ತೆಲುಗು. ಅನಂತಪುರದ ನೆಲದಲ್ಲಿ ಅಂಗವಿಕಲ ಮಕ್ಕಳ ಆರೈಕೆ ಹೊಸದಲ್ಲ. 1969ರಲ್ಲಿ ಅಲ್ಲಿಗೆ ಬಂದ ವಿಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಇಂತಹ ಮಕ್ಕಳಿಗಾಗಿ ವಸತಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಇಲ್ಲಿನ ಮಾತು ಯಾವ ಒಂದು ಸಂಸ್ಥೆಯ ಕುಂದನ್ನು ಕುರಿತದ್ದಲ್ಲ. ಗಡಿಯ ಎರಡೂ ಬದಿಯ ಯಾವುದೇ ನಿಲಯದಲ್ಲಿ, ಸೊಲ್ಲಾಪುರದಲ್ಲಿ ಕನ್ನಡದ ಮಗುವಿಗೆ, ಬೆಳಗಾವಿಯಲ್ಲಿ ಮರಾಠಿಯ ಮಗುವಿಗೆ, ಇದೇ ಸಂಕಟ ಒದಗಬಹುದು.

ಸಂಕಟದ ಸ್ವರೂಪ ಸಣ್ಣ ಪದಗಳಲ್ಲಿ ಅಡಗಿದೆ. ಬಳ್ಳಾರಿ, ರಾಯದುರ್ಗಗಳ ಕಡೆಯ ಕನ್ನಡದ ಮನೆಯಲ್ಲಿ ‘ಅವ್ವ’ ಎಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ಬಹಳ ಪ್ರಯಾಸದಿಂದ ಮಗುವೊಂದು ಹೊರಡಿಸುವ ಒಂದೇ ಒಂದು ಸ್ಪಷ್ಟ ಪದ ಅದಾಗಿದ್ದರೆ, ಆಯಾ ಅದನ್ನು ಅಜ್ಜಿಯ ನೆನಪೆಂದು ತಿಳಿದು ಸುಮ್ಮನಾಗಬಹುದು. ‘ಹೊ’ ಎಂದಷ್ಟೇ ಉಸುರಬಲ್ಲ ಮಗುವಿನ ಹೊಟ್ಟೆನೋವು, ಹೊಟ್ಟೆಯನ್ನು ‘ಕಡುಪು’ ಎನ್ನುವವರ ಕಿವಿಗೆ ಅರ್ಥವಾಗುವ ಬಗೆಯಿಲ್ಲ. ಮುದ್ದೆಯನ್ನು ‘ಸಂಗಟಿ’ ಎಂದು ಕೇಳಿದಾಗ ಮಗುವಿನ ಮುಖದಲ್ಲಿ ಏನೂ ಅರಳದಿರುವುದನ್ನು ಬುದ್ಧಿಮಾಂದ್ಯದ ಲಕ್ಷಣವೆಂದು ಬರೆದುಕೊಳ್ಳುವ ಸಂಭವವಿದೆ. ತೆಲುಗು ತಿಳಿಯದಿರುವುದಕ್ಕೂ ಏನೂ ತಿಳಿಯದಿರುವುದಕ್ಕೂ ಇರುವ ಅಂತರ ಮೌಲ್ಯಮಾಪನದ ಹಾಳೆಯಲ್ಲಿ ಹೀಗೆ ಸುಲಭವಾಗಿ ಅಳಿಸಿಹೋಗುತ್ತದೆ. ‘ಕೆಲವು ತಿಂಗಳಲ್ಲಿ ತೆಲುಗು ತಾನಾಗಿ ಬರುತ್ತದೆ’ ಎಂಬ ಸಮಾಧಾನ ಸಾಮಾನ್ಯ ಮಗುವಿನ ವಿಷಯದಲ್ಲಿ ದಿಟ. ಈ ಮಗುವಿನ ವಿಷಯದಲ್ಲಿಯೂ ಕಾಲಕ್ರಮದಲ್ಲಿ ದಿಟವಾಗಬಹುದು. ಆದರೆ ಆ ತಿಂಗಳುಗಳಲ್ಲೇ ಅದರ ಮೌಲ್ಯಮಾಪನ ಮುಗಿದಿರುತ್ತದೆ, ಮತ್ತು ತನ್ನ ಕೂಗಿಗೆ ಪ್ರತ್ಯುತ್ತರವಿಲ್ಲವೆಂದು ಕಂಡುಕೊಂಡ ಮಗು ಕೂಗುವುದನ್ನೇ ಬಿಟ್ಟಿರುತ್ತದೆ.

ಮಾತಿಗೆ ಪೂರಕವಾಗಿಯೋ ಬದಲಾಗಿಯೋ ಚಿತ್ರ, ಸಂಜ್ಞೆ, ಕಣ್ಣೋಟ, ಯಂತ್ರಗಳನ್ನು ಬಳಸುವ ವಿಧಾನಗಳಿಗೆ ಈಗ ‘ಪೂರಕ ಹಾಗೂ ಪರ್ಯಾಯ ಸಂವಹನ’ವೆಂಬ ಹೆಸರಿದೆ. ಇದರ ಚರಿತ್ರೆಯ ಒಂದು ಅಧ್ಯಾಯ ಭಾಷಾವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದುದು. ಯುರೋಪಿನ ಯುದ್ಧದಿಂದ ಪಾರಾಗಿ ಶಾಂಘೈ ಸೇರಿದ ಚಾರ್ಲ್ಸ್ ಬ್ಲಿಸ್ ಎಂಬಾತ ಚೀನೀ ಲಿಪಿಯಿಂದ ಪ್ರೇರಿತನಾಗಿ, ರಾಷ್ಟ್ರ ರಾಷ್ಟ್ರಗಳ ನಡುವಣ ಕಲಹ ನೀಗಲೆಂದು ವಿಶ್ವಕ್ಕೆಲ್ಲ ಒಂದೇ ಚಿತ್ರಲಿಪಿಯನ್ನು ರಚಿಸಿ 1949ರಲ್ಲಿ ಪ್ರಕಟಿಸಿದ. ರಾಷ್ಟ್ರಗಳು ಅದನ್ನು ಗಮನಿಸಲಿಲ್ಲ. 1971ರಲ್ಲಿ ಟೊರಾಂಟೊ ನಗರದ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಅವರ ಸಂಗಡಿಗರು ಆ ಲಿಪಿಯನ್ನು ಮಾತು ಬಾರದ ಮಕ್ಕಳ ಕೈಗೆ ಕೊಟ್ಟರು. ಮಕ್ಕಳು ಅದರಿಂದ ವಾಕ್ಯಗಳನ್ನು ಕಟ್ಟತೊಡಗಿದರು. ಭಾರತದಲ್ಲಿ 1970ರ ದಶಕದಲ್ಲಿಯೇ ಮುಂಬಯಿಯಲ್ಲಿ ಮಿಥು ಆಲೂರ್, ಕೋಲ್ಕತ್ತದಲ್ಲಿ ಸುಧಾ ಕೌಲ್ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಶಿಕ್ಷಣಕ್ಕೆ ಸಂಸ್ಥೆ ಕಟ್ಟಿದರು. ಮಿಥು ಅವರ ಮಗಳು ಮಾಲಿನಿ ಚಿಬ್ ಒಂದೇ ಬೆರಳಿನಿಂದ ಟೈಪು ಮಾಡಿ ತಮ್ಮ ಆತ್ಮಕಥೆಯನ್ನು ಬರೆದಿದ್ದಾರೆ. ಕನ್ನಡ ನಾಡಿನಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’, ಮುಂಬಯಿ ಐಐಟಿಯಲ್ಲಿ ರೂಪುಗೊಂಡ ‘ಜೆಲ್ಲೋ’ ಎಂಬ ಆ್ಯಪ್‌ಗಳಲ್ಲಿ ಚಿತ್ರವನ್ನು ಮುಟ್ಟಿದರೆ ಯಂತ್ರವೇ ನುಡಿಯುತ್ತದೆ.

ದಾನಿಗಳು ಕೊಟ್ಟ ಟ್ಯಾಬ್ಲೆಟ್ ಬೀರುವಿನಲ್ಲಿ ಭದ್ರವಾಗಿರುವುದುಂಟು. ಹಾಳಾದರೆ ಯಾರು ಹೊಣೆ ಎಂಬ ಭಯ ಅದಕ್ಕೆ ಕಾರಣ. ಆದ್ದರಿಂದ ಮೊದಲ ಸಾಧನ ಕಾಗದದ್ದೇ ಆಗಬೇಕು. ಒಂದು ರಟ್ಟಿನ ಮೇಲೆ ಆರು ಚಿತ್ರಗಳು ಸಾಕು. ಬೆರಳು ತೋರಲಾಗದ ಮಗುವಿಗೆ ಪಾರದರ್ಶಕ ಹಾಳೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರಗಳನ್ನು ಅಂಟಿಸಿ, ಎದುರಿಗೆ ಹಿಡಿದು, ಅದರ ಕಣ್ಣು ಯಾವ ಮೂಲೆಗೆ ಹೊರಳಿತೆಂದು ನೋಡಬಹುದು. ಅದೂ ಆಗದಿದ್ದರೆ ಆಯಾ ಒಂದೊಂದೇ ಮಾತನ್ನು ನಿಧಾನವಾಗಿ ಹೇಳುತ್ತಾ ಹೋಗಿ, ಮಗು ರೆಪ್ಪೆ ಮುಚ್ಚಿದಲ್ಲಿ ನಿಲ್ಲಬಹುದು. ಇದಕ್ಕೆ ಹಣ ಬೇಡ; ಹತ್ತು ಎಣಿಸುವಷ್ಟು ಕಾಲ ಕಾಯುವ ವ್ಯವಧಾನ ಬೇಕು. ಅದು ಹಣಕ್ಕಿಂತ ದುರ್ಲಭ.

ಕನ್ನಡ ವಿಭಾಗಗಳ ಕೆಲಸ ಇರುವುದು ಈ ರಟ್ಟಿನ ಮೇಲೆ. ಚಾಲ್ತಿಯಲ್ಲಿರುವ ಸಂವಹನ ಫಲಕಗಳ ಮೂಲ ಮಾದರಿ ಇಂಗ್ಲಿಷಿನದು. ಅದರಲ್ಲಿ ಎಡಕ್ಕೆ ‘ನಾನು’ ಎಂಬರ್ಥದ ಚೌಕ, ನಡುವೆ ಕ್ರಿಯಾಪದ, ಬಲಕ್ಕೆ ವಸ್ತು. ಅದನ್ನು ಹಾಗೆಯೇ ಪದಕ್ಕೆ ಪದವಾಗಿ ಇಳಿಸಿದರೆ ‘ನಾನು ಬೇಕು ನೀರು’ ಎಂದಾಗುತ್ತದೆ. ಕನ್ನಡದಲ್ಲಿ ‘ನಾನು ಬೇಕು’ ಎಂದರೆ ತನ್ನನ್ನು ಯಾರೋ ಬಯಸಬೇಕೆಂಬ ಅರ್ಥ. ಬಾಯಾರಿದ ಮಗು ಹೇಳಬೇಕಾದುದು ‘ನನಗೆ ನೀರು ಬೇಕು’ ಎಂದು. ಅಂದರೆ ಮೊದಲ ಚೌಕದಲ್ಲಿ ‘ನಾನು’ ಇರುವಂತಿಲ್ಲ, ‘ನನಗೆ’ ಇರಬೇಕು; ಹಸಿವು, ನೋವು, ಚಳಿ, ಭಯ, ಬೇಕು, ಬೇಡಗಳಿಗೆಲ್ಲ ಕನ್ನಡ ಬಯಸುವುದು ಚತುರ್ಥಿಯನ್ನು. ಕ್ರಿಯೆಯ ಚೌಕ ಕೊನೆಗೆ ಬರಬೇಕು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರಭಟ್ಟರು ವಾದಿಸಿದ್ದು ವಿದ್ವಾಂಸರ ಚರ್ಚೆಗಷ್ಟೇ ಸೀಮಿತವಾದ ಮಾತಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಇಂಗ್ಲಿಷಿಗಿಲ್ಲದ ಒಂದು ಅನುಕೂಲವೂ ಕನ್ನಡಕ್ಕಿದೆ. ಬೇಕು, ಬೇಡ, ಸಾಕು, ಇಲ್ಲ, ಅಲ್ಲ ಎಂಬ ಪದಗಳು ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ತಿನ್ನು’ ಎಂಬ ಚೌಕಕ್ಕೆ ತಿನ್ನುತ್ತೇನೆ, ತಿನ್ನುತ್ತಾನೆ, ತಿಂದರು ಎಂಬ ಬಾಲಗಳನ್ನು ಅಂಟಿಸುವ ತಾಪತ್ರಯವಿದೆ; ‘ಬೇಡ’ ಎಂಬ ಚೌಕ ತಾನೇ ಪೂರ್ಣ ವಾಕ್ಯ. ಒಂದೇ ಬಾರಿ ಕಣ್ಣು ಹೊರಳಿಸಬಲ್ಲ ಮಗುವಿಗೆ ಇದಕ್ಕಿಂತ ಹೊಂದುವ ಪದಗಳು ಸಿಗಲಾರವು. ತೆಲುಗಿನಲ್ಲಿ ಇವುಗಳ ಜೋಡಿಗಳು ಕಾವಾಲಿ, ವದ್ದು, ಚಾಲು, ಲೇದು, ಕಾದು. ಸೋದರ ಭಾಷೆಯಾದ್ದರಿಂದ ಒಂದಕ್ಕೊಂದು ಕೂಡುತ್ತವೆ. ಒಂದೇ ಚಿತ್ರದ ಕೆಳಗೆ ಎರಡೂ ಲಿಪಿಗಳಲ್ಲಿ ಎರಡೂ ಪದಗಳನ್ನು ಬರೆದರೆ ಮಗು ಕನ್ನಡವನ್ನು ಕೇಳಿ ಕಣ್ಣು ಹೊರಳಿಸುತ್ತದೆ, ಆಯಾ ತೆಲುಗನ್ನು ಓದಿ ಅರಿಯುತ್ತಾಳೆ. ತೆಲುಗನ್ನು ಹೊರಗಿಡುವ ಮಾತೇ ಇಲ್ಲ. ಉಣಿಸುವ ಕೈಯ ಭಾಷೆಯೂ ಮಗುವಿಗೆ ಬೇಕು.

ಇಲ್ಲ–ಅಲ್ಲಗಳ ಭೇದವನ್ನು ಫಲಕ ಮಾಡುವವರು ಬಹುತೇಕ ಮರೆಯುತ್ತಾರೆ. ಮಾದರಿಯಲ್ಲಿರುವುದು ಒಂದೇ ನಿಷೇಧ. ಆದ್ದರಿಂದ ಕನ್ನಡದಲ್ಲಿಯೂ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳನ್ನಿಟ್ಟು ಕೈತೊಳೆದುಕೊಳ್ಳುತ್ತಾರೆ. ‘ಹೊಟ್ಟೆನೋವೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರೆ ನೋವಿಲ್ಲವೆಂದು ಅರ್ಥ. ಕೇಳಿದವರು ಎದ್ದು ಹೋಗುತ್ತಾರೆ. ‘ಅಲ್ಲ’ ಎಂದರೆ ಹೊಟ್ಟೆಯದಲ್ಲ, ಬೇರೆ ಏನೋ ಇದೆ, ಇನ್ನೂ ಕೇಳಿ ಎಂದು ಅರ್ಥ. ಮರಾಠಿಯ ನಾಹೀ–ನವ್ಹೇಗಳಲ್ಲಿಯೂ ಇದೇ ಭೇದವುಂಟು. ಕಿವಿ ನೋಯುತ್ತಿರುವ ಮಗುವಿಗೆ ಆ ಒಂದು ಚೌಕ ಇಲ್ಲದಿದ್ದರೆ ರಾತ್ರಿಯಿಡೀ ಕಿವಿ ನೋಯುತ್ತದೆ. ಚಿತ್ರಗಳ ವಿಷಯದಲ್ಲಿಯೂ ಹೀಗೆಯೇ. ಸೇಬು, ಬ್ರೆಡ್ಡು, ಕೇಕುಗಳ ಚಿತ್ರವಿರುವ ಫಲಕ ಮಡಕಶಿರಾದ ಮಗುವಿಗೆ ಪರದೇಶ. ಮುದ್ದೆ, ಸಾರು, ಕಡಲೆಕಾಯಿ, ಮಜ್ಜಿಗೆ ಅದರ ಪ್ರಪಂಚ. ಊಟ, ನೀರು, ಶೌಚಗಳ ಮೂರೇ ಚಿತ್ರಗಳನ್ನು ಕೊಟ್ಟು ತೃಪ್ತರಾಗುವುದೂ ಸಲ್ಲದು. ‘ಹೋಗು’, ‘ಬಾ’, ‘ಇನ್ನೊಂದು ಸಲ’, ‘ಬೇಜಾರು’, ‘ತಮಾಷೆ’, ‘ಅವ್ವ ಯಾವಾಗ?’ ಇವೂ ಇರಬೇಕು. ಒಂದು ಬೈಗುಳವೂ ಇರಲಿ. ಬೈಯಲಾಗದವರ ಭಾಷೆಯನ್ನು ಭಾಷೆಯೆನ್ನುವುದು ಕಷ್ಟ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮೂರನೆಯ ವಯಸ್ಸಿನಿಂದ ಮೆಲ್ಬರ್ನಿನ ಸೇಂಟ್ ನಿಕೊಲಸ್ ಆಸ್ಪತ್ರೆಯಲ್ಲಿದ್ದ ಆ್ಯನ್ ಮೆಕ್‌ಡೊನಾಲ್ಡ್ ಎಂಬ ಹುಡುಗಿಗೆ 1977ರಲ್ಲಿ ರೋಸ್ಮೆರಿ ಕ್ರಾಸ್ಲಿ ಎಂಬಾಕೆ ತೋಳಿಗೆ ಆಸರೆ ಕೊಟ್ಟು ಅಕ್ಷರಗಳನ್ನು ತೋರಿಸುವುದನ್ನು ಕಲಿಸಿದರು. ಆಸ್ಪತ್ರೆಯನ್ನು ಬಿಟ್ಟು ಹೊರಡುವ ಆಕೆಯ ಹಕ್ಕನ್ನು 1979ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಆ ಕಥೆ ಜಗತ್ತನ್ನು ಕಲಕಿತು. ಅದರ ಬೆನ್ನಲ್ಲೇ ಕೈ ಹಿಡಿದು ಬರೆಸುವ ವಿಧಾನ ಹಲವು ದೇಶಗಳಿಗೆ ಹಬ್ಬಿತು. 1990ರ ದಶಕದ ಆರಂಭದಲ್ಲಿ ನಡೆದ ಪರೀಕ್ಷೆಗಳಲ್ಲಿ ಮಕ್ಕಳಿಗೆ ಒಂದು ಚಿತ್ರವನ್ನೂ ಕೈ ಹಿಡಿದವರಿಗೆ ಬೇರೊಂದು ಚಿತ್ರವನ್ನೂ ತೋರಿಸಲಾಯಿತು. ಮೂಡಿಬಂದ ಪದ ಕೈ ಹಿಡಿದವರು ಕಂಡ ಚಿತ್ರದ್ದಾಗಿತ್ತು. ಅವರು ಮೋಸಗಾರರಾಗಿರಲಿಲ್ಲ, ತಾವೇ ಬರೆಯುತ್ತಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ. ಆದ್ದರಿಂದ ಮಗುವಿನ ಕೈಯನ್ನು ಹಿಡಿದು ಚಿತ್ರದ ಮೇಲೆ ಇಡಿಸುವುದು ಸಂವಹನವಲ್ಲ. ರೆಪ್ಪೆಯೋ ಕಾಲ್ಬೆರಳೋ, ಯಾವುದು ಅದರ ಅಂಕೆಯಲ್ಲಿದೆಯೋ ಅದರಿಂದ ಅದೇ ತಿಳಿಸಬೇಕು. ಮೂಕತನಕ್ಕಿಂತ ಘೋರವಾದುದೇನಾದರೂ ಇದ್ದರೆ ಅದು ತನ್ನ ಹೆಸರಿನಲ್ಲಿ ಇನ್ನೊಬ್ಬರು ಮಾತನಾಡುವುದನ್ನು ಕೇಳುತ್ತಾ ಸುಮ್ಮನೆ ಮಲಗಿರುವುದು.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ‘ಸಂವಹನ’ವೆಂಬ ಪದದ ನಿರೂಪಣೆಯಲ್ಲಿಯೇ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಿದೆ, ಅವುಗಳ ಬಳಕೆಯನ್ನು ಪ್ರೋತ್ಸಾಹಿಸುವ ಹೊಣೆಯನ್ನು 17ನೆಯ ಪ್ರಕರಣ ಸರ್ಕಾರಗಳಿಗೆ ಹೊರಿಸಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350-ಎ ವಿಧಿ 1956ರಿಂದ ಸಂವಿಧಾನದಲ್ಲಿದೆ. ಗಡಿನಾಡಿನ ಕನ್ನಡ ಶಾಲೆಗಳಿಗಾಗಿ ಈ ವಿಧಿಯನ್ನು ಎತ್ತಿ ಹೇಳುವವರಿದ್ದಾರೆ. ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಕನ್ನಡದ ಮಗುವಿಗಾಗಿ ಅದನ್ನು ಎತ್ತಿ ಹೇಳಿದ ಗಡಿ ಹೋರಾಟದ ಭಾಷಣಗಳು ಅಪರೂಪ.

ಇವೆಲ್ಲಕ್ಕಿಂತ ತೀಕ್ಷ್ಣವಾದುದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯಿದೆಯ 26ನೆಯ ಪ್ರಕರಣ. ಮಗುವಿನ ಹೇಳಿಕೆ ದಾಖಲಿಸುವಾಗ ಅಗತ್ಯ ಬಿದ್ದರೆ ಭಾಷಾಂತರಕಾರರ ನೆರವು, ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನದ ರೀತಿಯನ್ನು ಬಲ್ಲವರ ನೆರವು ಪಡೆಯಬಹುದೆಂದು ಅದು ಹೇಳುತ್ತದೆ. ನಿಲಯದಲ್ಲಿರುವ ಮಗುವಿನ ರೀತಿಯನ್ನು ಬಲ್ಲವರು ಯಾರು? ಬಲ್ಲವರು ಒಬ್ಬರೇ ಆಗಿದ್ದು, ದೂರು ಅವರ ಮೇಲೆಯೇ ಆದರೆ? ಫಲಕದಲ್ಲಿ ದೇಹದ ಎಲ್ಲ ಭಾಗಗಳ ಚಿತ್ರವಿಲ್ಲದಿದ್ದರೆ, ‘ಹೊಡೆದರು’, ‘ಮುಟ್ಟಿದರು’, ‘ಭಯ’ ಎಂಬ ಚೌಕಗಳಿಲ್ಲದಿದ್ದರೆ ಮಗು ಯಾವುದನ್ನು ತೋರಿಸಬೇಕು? ಮುಜುಗರವೆಂದು ಬಿಟ್ಟ ಪದಗಳಿಂದ ಲಾಭ ಪಡೆಯುವವರು ಮಕ್ಕಳಲ್ಲ.

ಸ್ಕಾಟ್ಲೆಂಡಿನ ಸ್ಯಾಲಿ ಮಿಲರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಸಂವಹನ ಪಾಸ್‌ಪೋರ್ಟ್’ ಎಂಬ ಸಣ್ಣ ಪುಸ್ತಿಕೆಯ ಕಲ್ಪನೆ ಇಲ್ಲಿ ತಕ್ಷಣ ನೆರವಾಗಬಲ್ಲದು. ಅದು ಮಗುವೇ ಹೇಳುವಂತೆ ಬರೆದ ಪುಸ್ತಿಕೆ: ‘ನೋವಾದಾಗ ಬಲಗೈ ಬಿಗಿ ಹಿಡಿಯುತ್ತೇನೆ, ಮೇಲೆ ನೋಡಿದರೆ ಹೂಂ ಎಂದರ್ಥ, ಗುಡುಗಿಗೆ ಹೆದರುತ್ತೇನೆ, ಎಡಕ್ಕೆ ಮಲಗಿಸಿದರೆ ಉಸಿರು ಕಟ್ಟುತ್ತದೆ.’ ಇವನ್ನೆಲ್ಲ ತಾಯಿ ಬಲ್ಲಳು. ಆರೇಳು ವರ್ಷ ಆ ಮೈಯನ್ನು ಓದಿದವಳು ಅವಳು. ಆದರೆ ನಿಲಯಕ್ಕೆ ಸೇರಿಸುವ ದಿನ ಅವಳಿಂದ ಕೇಳುವುದು ಆಧಾರ್, ಪಡಿತರ ಚೀಟಿ, ವೈದ್ಯಕೀಯ ಪ್ರಮಾಣಪತ್ರ, ಒಂದು ಹೆಬ್ಬೆಟ್ಟು. ಅವಳ ಬಳಿಯಿರುವ ಅತ್ಯಂತ ಬೆಲೆಯುಳ್ಳ ದಾಖಲೆಯನ್ನು ಬರೆದುಕೊಳ್ಳದೆ ಬಸ್ಸು ಹತ್ತಿಸಿ ಕಳಿಸಲಾಗುತ್ತದೆ. ಆಯಾಗಳು ಬದಲಾಗುತ್ತಾರೆ, ಸಂಬಳ ಕಡಿಮೆ, ಕೆಲಸ ಹೆಚ್ಚು, ಆರು ತಿಂಗಳಿಗೊಮ್ಮೆ ಹೊಸ ಮುಖ. ಪ್ರತಿಯೊಬ್ಬರೂ ಆ ಮಗುವನ್ನು ಮೊದಲಿನಿಂದ ಕಲಿಯಬೇಕು, ಮಗುವೂ ಪ್ರತಿಯೊಬ್ಬರನ್ನು.

ಇಂತಹ ಮಕ್ಕಳು ಮನೆಯಲ್ಲಿಯೇ ಇರಬೇಕು, ನಿಲಯಗಳೇ ತಪ್ಪು ಎಂಬ ವಾದವೂ ಇದೆ. ತತ್ತ್ವತಃ ಅದು ಸರಿ. ತಾಯಿಗೆ ಕೂಲಿ ತಪ್ಪಿದರೂ ಊಟ ತಪ್ಪದಂತೆ, ಊರಿಗೇ ಚಿಕಿತ್ಸಕರು ಬರುವಂತೆ ಏರ್ಪಾಡಾಗುವವರೆಗೆ ನಿಲಯಗಳು ಇರುತ್ತವೆ, ಅವುಗಳಲ್ಲಿ ಮಕ್ಕಳಿರುತ್ತಾರೆ.

ಗಡಿಭಾಗದ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಸಾಮಾನ್ಯವಾಗಿ ಜಾನಪದ ಸಂಗ್ರಹಕ್ಕೆಂದು ಹಳ್ಳಿಗಳಿಗೆ ಹೋಗುತ್ತಾರೆ. ಹಾಡು, ಒಗಟು, ಗಾದೆಗಳನ್ನು ಬರೆದು ತರುತ್ತಾರೆ. ಅದೇ ಪಯಣದಲ್ಲಿ ಅಂತಹ ಮಗುವಿರುವ ಮನೆಯಲ್ಲಿ ಅರ್ಧ ದಿನ ಕುಳಿತು, ತಾಯಿಯ ಒಪ್ಪಿಗೆಯಿಂದ, ಅವಳು ಮಗುವಿನೊಡನೆ ಆಡುವ ಮಾತುಗಳ ಪಟ್ಟಿಯನ್ನು ಮಾಡಬಹುದು. ಗ್ರಂಥಸ್ಥ ‘ಶೌಚಾಲಯ’, ‘ಆಹಾರ’ಗಳ ಬದಲು ಆ ಮನೆಯ ಪದಗಳನ್ನು, ಅವಳ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಬಹುದು. ತೆಲುಗು ವಿಭಾಗದ ಸಹಪಾಠಿಗಳು ಜೋಡಿಪದಗಳನ್ನು ಕೂಡಿಸಬಹುದು. ವಾಕ್-ಚಿಕಿತ್ಸಕರು ಅದನ್ನು ಮಗುವಿನ ಶಕ್ತಿಗೆ ತಕ್ಕಂತೆ ಅಳವಡಿಸಬಹುದು. ಆ ಪರಿಣತಿ ಅವರದು, ಭಾಷಾ ವಿಭಾಗದ್ದಲ್ಲ. ತಾಯಿಯ ದನಿಯಲ್ಲಿಯೇ ಇಪ್ಪತ್ತು ಮಾತುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ ಮುಂದೆ ನಿಲಯದಲ್ಲಿ ಮಗು ಒಂದು ಗುಂಡಿಯನ್ನು ಒತ್ತಿದಾಗ ‘ಸಾಕವ್ವಾ’ ಎಂದು ಕೇಳಿಸುವುದು ಯಂತ್ರದ ದನಿಯಲ್ಲಲ್ಲ. ಪಟ್ಟಿ ಮಾಡುವಾಗ ‘ಅಲ್ಲ’ ಎಂಬುದಕ್ಕೆ ಬೇರೆಯೇ ಒಂದು ಸಾಲು ಬಿಟ್ಟುಕೊಳ್ಳಬೇಕು, ಮತ್ತು ತಾಯಿಯನ್ನು ತಪ್ಪದೆ ಕೇಳಬೇಕು: ಈ ಮಗು ಬೇಡವೆನ್ನುವುದು ಹೇಗೆ?